ಕೇಳದೆ ತೆಗೆಯದ ಜರಡಿ

ಮಕ್ಕಳೇ, ಹೋದ ಸಂಕ್ರಾಂತಿಗೆ ಗದ್ವಾಲದಿಂದ ಬಂದಾಗ ನನ್ನ ಮೇಜಿನ ಮೇಲಿನ ಹಳೆಯ ಕಂಪ್ಯೂಟರನ್ನು ನೀವೇ ಚಾಲೂ ಮಾಡಿ ನೋಡಿ ನಕ್ಕಿರಿ. "ಅಮ್ಮಮ್ಮಾ, ಇದರಾಗ ಬಣ್ಣ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರ ಅದಾವು. ಯಾವ ಕಾಲದ್ದು ಇದು?" ಅಂದಿರಿ. ನಾನು ನಕ್ಕು ಒಳಗೆ ಹೋಗಿ ರೊಟ್ಟಿ ಬಡಿದೆ. ಎದುರಿಗೆ ಕೂತವರಿಗೆ ಒಂದು ಮಾತು ಬಿಡಿಸಿ ಹೇಳುವುದು ನನಗೆ ಯಾವತ್ತೂ ಆಗಿಲ್ಲ. ಮೊಮ್ಮಕ್ಕಳಾದರೂ ಅಷ್ಟೇ. ಬರೆದರೆ ಆದೀತು ಎಂದು ಈಗ ಕೂತಿದ್ದೇನೆ. ಕಣ್ಣು ಬೇಗ ದಣಿಯುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ಅದಕ್ಕೇ ದಿನಕ್ಕಿಷ್ಟು ಬರೆಯುತ್ತೇನೆ.

ಆ ಕಂಪ್ಯೂಟರು ಯಾರದೋ ಅವರು ಹೋದ ಮಳೆಗಾಲದಲ್ಲಿ ನಾರಾಯಣಪೇಟೆಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ನಾನು ಅವರ ಹೆಸರು ಹಿಡಿದವಳಲ್ಲ. ಮಕ್ತಲ್ ಬಜಾರದ ಜನ ತೆಲುಗಿನಲ್ಲಿ ಪಂತುಲು, ಅಂದರೆ ಓದಿದ ಅಯ್ಯನವರು, ಅನ್ನುತ್ತಿದ್ದರು. ನಾನು ಆಚಾರ್ರೆ ಅನ್ನುತ್ತಿದ್ದೆ. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಇವರು ಮಾತ್ರ ಗದ್ವಾಲದ ದಫ್ತರದಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೆ ಮಕ್ತಲ್‌ನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಟೈಪಿನ ಅಂಗಡಿ ಇಟ್ಟರು. ದಿನಾ ಬೆಳಿಗ್ಗೆ ನಾರಾಯಣಪೇಟೆಯಿಂದ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು.

ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ಕೃಷ್ಣಾದ ಕಡೆ ನಮ್ಮೂರ ಕನ್ನಡ ಶಾಲೆಯಲ್ಲಿ ನಾನು ಓದಿದ್ದು ಏಳನೆಯ ಇಯತ್ತೆ. ಆ ಅಂಗಡಿಗೆ ಕನ್ನಡ ಓದಿ ಬರೆಯುವವರು ಬೇಕಾಗಿದ್ದರು, ಯಾಕೆಂದರೆ ರಾಯಚೂರು ಕಡೆಯ ಬೀಗರಿಗೆ ಲಗ್ನಪತ್ರಿಕೆ ಕನ್ನಡದಲ್ಲೇ ಆಗಬೇಕು. ಮೊದಲ ದಿನ ಸೆರಗಿನ ತುದಿ ಹಿಡಿದು ಬಾಗಿಲಲ್ಲೇ ನಿಂತೆ. ಅವರು ನನ್ನ ಮುಖ ನೋಡಲಿಲ್ಲ. ಒಂದು ಮೇಜನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು.

"ತಂಗೀ, ಗಿರಾಕಿ ಕೂಡ ಮಾತಾಡೋದು ನನ್ನ ಕೆಲಸ. ನೀ ಈ ಗ್ವಾಡಿ ನೋಡಕೋತ ಕೂಡು, ಸಾಕು," ಅಂದರು.

ಹದಿಮೂರು ವರ್ಷ ನಾನು ಆ ಗೋಡೆ ನೋಡಿಕೊಂಡು ಕೂತೆ.

ಅವರು ನನ್ನನ್ನು ಒಮ್ಮೆಯೂ ಬೈಯಲಿಲ್ಲ.

ಆ ಕಂಪ್ಯೂಟರಿನಲ್ಲಿ ಇರುವುದು ಒಂದು ಎಡಿಟರು. ಬರೆಯುವುದಕ್ಕಷ್ಟೇ ಇರುವ ತಂತ್ರಾಂಶ. ತೆರೆದರೆ ತೊಳೆದಿಟ್ಟ ಪಾಟಿಯ ಹಾಗೆ ಇರುತ್ತದೆ. ಅದಕ್ಕೆ ಯಾವ ಕೆಲಸ ಕಲಿಸಬೇಕೋ ಅದನ್ನು ಒಂದು ಸಣ್ಣ ಫೈಲಿನಲ್ಲಿ ಬರೆದು ಒಳಗಿಟ್ಟರೆ ಕಲಿತುಕೊಳ್ಳುತ್ತದೆ. ಆ ಫೈಲಿಗೆ ಪ್ಯಾಕೇಜ್ ಅನ್ನುತ್ತಾರೆ. ಆಚಾರ್ರು ಗಂಟು ಅನ್ನುತ್ತಿದ್ದರು. ಎಲ್ಲೆಲ್ಲಿಯದೋ ಜನ ಗಂಟು ಕಟ್ಟಿ ಇಂಟರ್ನೆಟ್ಟಿನಲ್ಲಿ ಇಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಕೊಟ್ಟವರು ಯಾರು, ಒಯ್ದವರು ಯಾರು ಎಂದು ಒಬ್ಬರಿಗೊಬ್ಬರಿಗೆ ಗೊತ್ತಿರುವುದಿಲ್ಲ. ಲೈಬ್ರರಿ ಎಂದು ಇನ್ನೊಂದಿದೆ. ಅದು ಏನು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. "ನಿನ್ನ ಅಡಿಗಿ ಮನ್ಯಾಗ ಸಾಸಿವಿ ಡಬ್ಬಿ ಇರತದಲ್ಲ, ಹಂಗ. ಸಾಸಿವಿ ಯಾರೂ ಉಣ್ಣಂಗಿಲ್ಲ. ಆದರ ಅದು ಇಲ್ಲಂದ್ರ ಯಾವ ಪಲ್ಯಾನೂ ಇಲ್ಲ."

ಅವರು ಕಟ್ಟಿದ ಸಾಸಿವೆ ಡಬ್ಬಿ ಒಂದು ಇತ್ತು. ಒತ್ತಕ್ಷರ ಅಳಿಸಿದರೆ ಒಂದೊಂದು ಚೂರಾಗಿ ಅಳಿಯದೆ ಇಡೀ ಅಕ್ಷರ ಒಮ್ಮೆಗೇ ಅಳಿಯುವಂತೆ ಮಾಡುವುದು. ಅದರ ಮೇಲೆ ಬೇರೆಯವರು ಎಷ್ಟೋ ಗಂಟು ಕಟ್ಟಿಕೊಂಡರಂತೆ. ಎಡಿಟರು ಹೊಸದಾಗಿ ಬಂದಾಗಲೆಲ್ಲ ಇವರದು ಏನಾದರೊಂದು ಮುರಿಯುತ್ತಿತ್ತು. ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿಕೊಂಡು "ಮತ್ತ ಮುರೀತವ್ವ" ಎಂದು ಕೂತು ಅದನ್ನೇ ಮತ್ತೆ ಸರಿಮಾಡುವರು. ಬೇಸರವಾಗುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಬಿಡುತ್ತಿರಲಿಲ್ಲ.

ಫೈಲು ಸೇವ್ ಮಾಡುವಾಗ ಸಣ್ಣ ದನಿಯಲ್ಲಿ "ಕೃಷ್ಣಾರ್ಪಣ" ಅನ್ನುವರು. ದಿನಕ್ಕೆ ನೂರು ಸಲವಾದರೂ ನೂರು ಸಲ ಅನ್ನುವರು. ಗಂಟು ಕಟ್ಟುವವರಲ್ಲಿ ಒಂದು ಪದ್ಧತಿ ಇದೆ. ಮೊದಲ ಸಾಲಿನಲ್ಲಿ ಇದು ಏನು ಮಾಡುತ್ತದೆ ಎಂದು ಬರೆಯಬೇಕು, ಕೊನೆಯ ಸಾಲಿನಲ್ಲಿ ಇಲ್ಲಿಗೆ ಇಂಥದ್ದು ಮುಗಿಯಿತು ಎಂದು ಬರೆಯಬೇಕು. ಇದು ಅವರಿಗೆ ಬಹಳ ಹಿಡಿಸಿತ್ತು. "ನಮ್ಮ ಮುತ್ತಾತ ಓಲಿಗರಿ ಬರದು ಕಡೀಕ ಹಿಂಗ ಹಾಕ್ತಿದ್ದ ನೋಡು," ಅನ್ನುವರು. ಎರಡನೆಯ ಸಾಲು ಮಾತ್ರ ಅವರದೇ ಪದ್ಧತಿ. ಅದರಲ್ಲಿ ಇದು ಏನು ಮಾಡುವುದಿಲ್ಲ ಎಂದು ಬರೆಯುವರು.

ಬೇಸಿಗೆಯಲ್ಲಿ ಪಟ್ಟಿಗಳ ಕೆಲಸ ಬರುತ್ತಿತ್ತು. ನಲ್ಲಿಯ ದರಖಾಸ್ತಿಗೆ ಊರವರ ಪಟ್ಟಿ, ಲಗ್ನಕ್ಕೆ ಕರೆಯುವವರ ಪಟ್ಟಿ. ಒಬ್ಬನೇ ಮನುಷ್ಯ ಎರಡು ಸಲ ಹೆಸರು ಬರೆಸಿರುತ್ತಾನೆ. ಅದಕ್ಕೆ ಅವರು ಜರಡಿ ಎಂಬ ಗಂಟು ಕಟ್ಟಿದರು. ಒಂದೇ ಸಾಲು ಎರಡನೆಯ ಸಲ ಬಂದರೆ ಅದನ್ನು ತೆಗೆದುಹಾಕುವುದು. ನಾನು ಆ ಜರಡಿ ಆಡಿಸುವುದನ್ನೇ ಮರೆಯುತ್ತಿದ್ದೆ. ಎರಡು ಸಲ ಪಟ್ಟಿ ತಪ್ಪಿ ಹೋಯಿತು. ಅವರು ಕೂತು ಜರಡಿಯಲ್ಲಿ ಏನೋ ಬದಲಾಯಿಸಿದರು.

"ನೀ ಮರೀತಿ ಅಂತ, ಸೇವ್ ಮಾಡಿದ ಕೂಡಲೆ ತಾನ ಓಡೂಹಂಗ ಮಾಡೀನಿ ತಂಗಿ. ಇನ್ನ ಚಿಂತಿ ಇಲ್ಲ."

ಚಿಂತೆ ಶುರುವಾದದ್ದು ಅಲ್ಲಿಂದಲೇ.

ನನ್ನ ತವರಿನ ದೊಡ್ಡಪ್ಪ ಡೊಳ್ಳಿನ ಹಾಡಿನವನು. ಬೀರಪ್ಪನ ಹಾಡು, ಮೈಲಾರನ ಹಾಡು ಎಲ್ಲಾ ಅವನ ಬಾಯಲ್ಲಿ. ವಯಸ್ಸಾಗಿ ಕುರಿ ಕಾಯುವುದು ಬಿಟ್ಟಿದ್ದ. ಒಂದು ದಿನ ನನ್ನನ್ನು ನೋಡಲು ಅಂಗಡಿಗೆ ಬಂದವನು ಕಂಬಳಿ ಹಾಸಿ ಕೂತು, ಸುಮ್ಮನೆ ಒಂದು ಸಾಲು ಗುನುಗಿದ. ಆಚಾರ್ರು ಕೆಲಸ ಬಿಟ್ಟು ತಿರುಗಿದರು.

"ಇದನ್ನ ಎಲ್ಲರೆ ಬರದಿಟ್ಟೀರೇನು?"

"ಬರಿಯಾಕ ನಾ ಏನ್ ಪಂತುಲೇನ್ರೀ? ನಮ್ಮ ಬರಹ ಎಲ್ಲಾ ಹೊಟ್ಟ್ಯಾಗ."

"ಹೊಟ್ಟಿ ಸುಟ್ಟು ಹೋಗತದ. ಮಧ್ಯಾಹ್ನ ಗಿರಾಕಿ ಇರಂಗಿಲ್ಲ, ಬರ್ರಿ. ನೀವು ಹಾಡ್ರಿ, ನಿಮ್ಮ ಮಗಳು ಬರೀತಾಳ."

"ನಮ್ಮನ್ನ ಸುಡಂಗಿಲ್ಲ ಆಚಾರ್ರ, ಹೂಳ್ತಾರ," ಎಂದು ದೊಡ್ಡಪ್ಪ ನಕ್ಕ. ಆಚಾರ್ರೂ ನಕ್ಕರು. ಇಬ್ಬರೂ ಹಾಗೆ ನಗುವುದನ್ನು ನಾನು ಮೊದಲು ನೋಡಿದ್ದು ಅಂದೇ.

ಎರಡು ಬೇಸಿಗೆ ಅವನು ಬಂದ. ಆಚಾರ್ರು ತಮ್ಮ ತಾಮ್ರದ ಚೊಂಬನ್ನು ಬೇರೆ ಇಟ್ಟುಕೊಳ್ಳುವವರು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೆ ದೊಡ್ಡಪ್ಪನಿಗೆಂದೇ ಒಂದು ಹೊಸ ಮಣ್ಣಿನ ಗಡಿಗೆ ತರಿಸಿ ನೀರು ತುಂಬಿಸಿಟ್ಟರು. ಅವನು ಹಾಡುವನು, ಅವರು ಕಣ್ಣು ಮುಚ್ಚಿ ಕೇಳುವರು. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು, ಪರದೆ ನೋಡುತ್ತಿರಲಿಲ್ಲ. ನಾನು ಟೈಪು ಮಾಡುವೆ.

ಆ ಹಾಡುಗಳಲ್ಲಿ ಮುಂದಿನವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಒಂದು ಸಲ, ಕೆಲವು ಕಡೆ ಮೂರು ಸಲ. ಎಷ್ಟೋ ಹೊತ್ತಿನ ಹಿಂದೆ ಬಂದುಹೋದ ಸಾಲು ಒಮ್ಮೆಲೇ ತಿರುಗಿ ಬರುತ್ತದೆ, ಆಗ ಕೇಳುವವರ ಮೈ ಜುಮ್ಮೆನ್ನುತ್ತದೆ. 'ಹಟ್ಟಿ ದೂರ ಐತಿ, ಹೊತ್ತು ಇಳದೈತಿ' ಎಂಬ ಸಾಲು ಒಂದು ಹಾಡಿನಲ್ಲಿ ಇಪ್ಪತ್ತು ಸಲವಾದರೂ ಬರುತ್ತಿತ್ತು. ನಾನು ದೊಡ್ಡಪ್ಪ ಹೇಳಿದಷ್ಟು ಸಲವೂ ಬರೆಯುತ್ತಿದ್ದೆ. ಸೇವ್ ಮಾಡಿದ ಕೂಡಲೇ ಪುಟ ಜಗ್ಗಿದಂತಾಗಿ ಮೇಲೆ ಸರಿಯುತ್ತಿತ್ತು. ನೋಡಿದರೆ ಆ ಸಾಲು ಒಂದೇ ಉಳಿದಿರುತ್ತಿತ್ತು.

ಮಕ್ಕಳೇ, ನಾನು ಅದನ್ನು ನೋಡಿದೆ. ಮೊದಲ ದಿನವೇ ನೋಡಿದೆ. ಇದನ್ನು ಯಾರಿಗೂ ಹೇಳಿಲ್ಲ.

ನನ್ನ ಶಾಲೆಯ ಪುಸ್ತಕದಲ್ಲಿ ಪದ್ಯದ ಪಲ್ಲವಿಯನ್ನು ಒಂದೇ ಸಲ ಹಾಕಿರುತ್ತಿದ್ದರು. ಪುಸ್ತಕವೆಂದರೆ ಹಾಗೇ ಇರಬೇಕೇನೋ, ಆಚಾರ್ರು ತಿಳಿದೇ ಹೀಗೆ ಮಾಡಿರಬೇಕು ಅಂದುಕೊಂಡೆ. ಕೇಳಬೇಕು ಎಂದು ಎರಡು ಸಲ ತಿರುಗಿದ್ದೆ. ಅವರು ಕಣ್ಣು ಮುಚ್ಚಿ ಕೂತಿದ್ದರು, ದೊಡ್ಡಪ್ಪ ಹಾಡುತ್ತಿದ್ದ. ನಡುವೆ ಬಾಯಿ ಹಾಕಲು ಸಂಕೋಚವಾಯಿತು. ಮತ್ತೆ ಗೋಡೆಗೆ ತಿರುಗಿದೆ. ಎರಡು ಬೇಸಿಗೆ ಹಾಗೇ ತಿರುಗಿಕೊಂಡಿದ್ದೆ.

ದೊಡ್ಡಪ್ಪ ಆ ಮಳೆಗಾಲ ಹೋದ.

ಅವನ ದಿನಕರ್ಮ ಮುಗಿದ ಮೇಲೆ ನಮ್ಮೂರ ಬೀರಪ್ಪನ ಗುಡಿಯ ಪೂಜಾರಿ ಅಂಗಡಿಗೆ ಬಂದ. ದೊಡ್ಡಪ್ಪನ ಹಿಂದೆ ದನಿ ಎತ್ತುತ್ತಿದ್ದವನು ಅವನೇ. ಹೊಸ ಹುಡುಗರಿಗೆ ಕಲಿಸಬೇಕು, ಹಾಡು ಅಚ್ಚು ಹಾಕಿಸಿ ಕೊಡಿ ಎಂದ. ಅವನಿಗೆ ಓದು ಬರುತ್ತಿರಲಿಲ್ಲ. ಆಚಾರ್ರು ನನ್ನನ್ನು ಓದಲು ಹೇಳಿದರು. ನಾನು ಗೋಡೆಗೆ ಮುಖ ಮಾಡಿಯೇ ಸಣ್ಣಗೆ ಓದಿದೆ. ಅವನು ಮೇಜಿನ ಅಂಚಿನ ಮೇಲೆ ಬೆರಳಿನಿಂದ ಡೊಳ್ಳಿನ ಪೆಟ್ಟು ಹಾಕುತ್ತಿದ್ದ. ನಾಲ್ಕು ಸಾಲಿಗೆ ಬೆರಳು ನಿಂತಿತು. ಮತ್ತೆ ಶುರು ಮಾಡಿದ. ಮತ್ತೆ ನಿಂತಿತು.

"ಯಕ್ಕಾ, ಇದರಾಗ ನಾವು ಎಲ್ಲಿ ಅದೀವಿ?" ಎಂದು ಕೇಳಿದ.

ಆಚಾರ್ರಿಗೆ ತಿಳಿಯಲಿಲ್ಲ. "ಅಂದ್ರ?"

"ಅಂವ ಹೇಳಿದ್ದು ಐತಿ. ನಾವು ತಿರುಗಿ ಅಂದಿದ್ದು ಒಂದೂ ಇಲ್ಲ. ಇದೇನು ಹಾಡಲ್ಲರೀ ಪಂತುಲು, ಇದು ಲಗ್ನಪತ್ರಿಕೆ."

ಆಚಾರ್ರು ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಕೆಳಗೆ ಸರಿಸಿದರು, ಮೇಲೆ ಸರಿಸಿದರು. ಆಮೇಲೆ ಕುರ್ಚಿಗೆ ಹೋಗಿ ಕೂತು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನನ್ನ ಜರಡಿ ತಿಂದದ," ಅಂದರು. "ಪಟ್ಟಿ ಯಾವುದು, ಹಾಡು ಯಾವುದು ಅದಕ್ಕ ಗೊತ್ತಿಲ್ಲ. ನಾನೂ ಅದಕ್ಕ ಹೇಳಿಲ್ಲ."

ನಾನು ಆಗ ಹೇಳಬೇಕಿತ್ತು. ಹೇಳಲಿಲ್ಲ.

ಒಂದು ವಾರ ಅವರು ಹಳೆಯ ಪ್ರತಿ ಹುಡುಕಿದರು. ಎಡಿಟರು ಒಂದು ಹಿಂದಿನ ಪ್ರತಿ ಇಟ್ಟುಕೊಂಡಿರುತ್ತದೆ, ಆದರೆ ಅದೂ ಜರಡಿ ಹಿಡಿದದ್ದೇ. ಆಮೇಲೆ ತೆಗೆದ ಸಾಲನ್ನು ತಿರುಗಿ ಹಾಕುವ ಗಂಟು ಕಟ್ಟಲಾದೀತೇ ಎಂದು ಎರಡು ವಾರ ಕೂತರು. ಒಂದು ಮಧ್ಯಾಹ್ನ ಕೈಚೆಲ್ಲಿದರು.

"ತಗಿಯೂದು ಮಷೀನಿಗೆ ಬರತದ ತಂಗಿ. ಎಲ್ಲಿಂದ ತಗದೆ ಅನ್ನೂದು ಅದರ ನೆನಪಿನಾಗ ಇಲ್ಲ. ಅದು ಕೇಳಿದವರ ನೆನಪಿನಾಗ ಇರತದ. ನೀ ಸಣ್ಣಾಕಿ ಇದ್ದಾಗ ಕೇಳಿ ಅಲ್ಲ?"

"ಕೇಳೀನ್ರಿ."

"ಹಾಡ್ತೀ?"

ನಾನು ನೆಲ ನೋಡಿದೆ. ಲಾಲಿ ಬಿಟ್ಟು ನಾನು ಒಬ್ಬರ ಎದುರಿಗೂ ಹಾಡಿದವಳಲ್ಲ. ವಿಧವೆ, ಬಜಾರದ ಅಂಗಡಿಯಲ್ಲಿ ಕೂತು ಗಂಡಸರ ಹಾಡು ಹಾಡುವುದೆಂದರೆ ಏನು? ಅವರು ಎದ್ದು ಕುರ್ಚಿಯನ್ನು ಹೊರಗಿನ ಕಟ್ಟೆಗೆ ಒಯ್ದರು.

"ನಾ ಇಲ್ಲಿ ಕೂಡ್ತೀನಿ. ನೀ ಗ್ವಾಡಿಗೆ ಹೇಳು. ಗ್ವಾಡಿ ನಿನಗ ಹಳೇ ಪರಿಚಯ ಐತಲ್ಲ."

ಮೂರು ದಿನ ದನಿ ಬರಲಿಲ್ಲ. ನಾಲ್ಕನೆಯ ದಿನ ಒಂದು ಸಾಲು ಬಂತು. ಅದರ ಹಿಂದೆ ದೊಡ್ಡಪ್ಪನ ಕೆಮ್ಮು ನೆನಪಾಯಿತು, ಆ ಕೆಮ್ಮಿನ ಆಚೆ ಎಲ್ಲರೂ ಒಟ್ಟಿಗೆ ದನಿ ಎತ್ತುತ್ತಿದ್ದದ್ದು ನೆನಪಾಯಿತು. ಬೆರಳು ತಾನಾಗಿ ಆ ಸಾಲನ್ನು ಮೂರು ಸಲ ಬರೆಯಿತು. ಹೀಗೆ ಇಡೀ ಚಳಿಗಾಲ ನಡೆಯಿತು. ಹೊರಗೆ ಗಿರಾಕಿ ಬಂದು "ಪಂತುಲೂ, ತೊಂದರಗಾ ಇವ್ವಂಡಿ" ಎಂದು ಅವಸರ ಮಾಡಿದರೆ, ಅವರು ಕಟ್ಟೆಯಿಂದ ಏಳದೆ "ಲೋಪಲ ಪನಿ ಉಂದಯ್ಯಾ, ರೇಪು ರಾ" ಎಂದು, ಒಳಗೆ ಕೆಲಸ ನಡೆದಿದೆ, ನಾಳೆ ಬಾ ಅಂತ ಕಳಿಸುವರು. ಸಂಜೆ ಬಸ್ಸಿಗೆ ಹೊರಡುವಾಗ ಒಂದೇ ಮಾತು ಕೇಳುವರು. "ಇವತ್ತು ಎಷ್ಟು ಮಂದಿ ತಿರುಗಿ ಬಂದರು?" ಸಾಲು ಎಂದು ಕೇಳುತ್ತಿರಲಿಲ್ಲ. ಮಂದಿ ಎಂದೇ ಕೇಳುತ್ತಿದ್ದರು.

ಪೂಜಾರಿ ಪರೀಕ್ಷೆಗೆ ಬಂದ. ಓದಿದೆ. ಅವನ ಬೆರಳು ಒಂದು ಹಾಡಿಗೂ ನಿಲ್ಲಲಿಲ್ಲ. ಕೊನೆಯದು ಬೀರಪ್ಪನ ದೊಡ್ಡ ಹಾಡು. ಅರ್ಧಕ್ಕೆ ಬಂದಾಗ ನಾನೇ ನಿಂತೆ.

"ಮುಂದ?" ಎಂದರು ಆಚಾರ್ರು.

"ಮುಂದ ಗೊತ್ತಿಲ್ಲರಿ. ಸಣ್ಣಾಕಿ ಇದ್ದಾಗ ಇಷ್ಟರಾಗ ನನಗ ನಿದ್ದಿ ಬರ್ತಿತ್ತು. ಕಡೀತನಕ ಒಮ್ಮೆನೂ ಕೇಳಿಲ್ಲ."

ಆಚಾರ್ರು ಪೂಜಾರಿಯ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡ. "ಅದರ ಕಡೀ ಭಾಗ ಅಂವ ಒಂದೊಂದು ಸಲ ಒಂದೊಂದು ನಮೂನಿ ತಿರುವ್ತಿದ್ದ. ನಾವು ಅವನ ಮಾರಿ ನೋಡಿ ದನಿ ಎತ್ತತಿದ್ವಿ. ಈಗ ಯಾರ ಮಾರಿ ನೋಡೋದು?"

ಪೂಜಾರಿ ಹೋದ ಮೇಲೆ ನಾನು ಧೈರ್ಯ ಮಾಡಿ ಒಂದು ಮಾತು ಹೇಳಿದೆ. ಒಂದು ಸಾಲು ಬಿಟ್ಟು ಒಂದು ಸಾಲನ್ನು ಎರಡು ಸಲ ಬರೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದೆ. ನನಗೆ ಆ ಕೆಲಸ ಮುಗಿದರೆ ಸಾಕಾಗಿತ್ತು. ನನ್ನ ತಪ್ಪು ಮುಚ್ಚಿದರೆ ಸಾಕಾಗಿತ್ತು.

"ಬ್ಯಾಡ ತಂಗಿ. ಗೊತ್ತಿಲ್ಲದ್ದನ್ನ ಗೊತ್ತದ ಅಂತ ಬರದ್ರ ಅದು ಎರಡನೇ ಕಳವು," ಅಂದರು. ಆ ಜಾಗದಲ್ಲಿ ತಾವೇ ಒಂದು ಸಾಲು ಟೈಪು ಮಾಡಿದರು. 'ಇಲ್ಲಿಂದ ಮುಂದೆ ಸಾಲು ತಿರುಗುವ ಜಾಗ ನಮಗೆ ಗೊತ್ತಿಲ್ಲ.' ಸೇವ್ ಮಾಡಿ ಕೃಷ್ಣಾರ್ಪಣ ಅಂದರು. ಪುಸ್ತಕ ಹಾಗೇ ಅಚ್ಚಾಯಿತು. ಆ ಅರ್ಧ ಹಾಡನ್ನು ನಮ್ಮೂರಲ್ಲಿ ಈಗ ಯಾರೂ ಹಾಡುವುದಿಲ್ಲ.

ಆಮೇಲೆ ಅವರು ಜರಡಿಯನ್ನು ಬದಲಾಯಿಸಿದರು. ತಾನಾಗಿ ಓಡುವುದು ನಿಂತಿತು. ಒಂದು ಸಾಲು ತೆಗೆಯುವ ಮೊದಲು ಅದು ಕೇಳಬೇಕು. ಹೊರಗಿನವರಿಗೆ ಇಂಗ್ಲಿಷಿನಲ್ಲಿ ಕೇಳುತ್ತದೆ, ನಮಗೆ ನಮ್ಮ ಮಾತಿನಲ್ಲಿ. ಬದಲಾಯಿಸಿದ್ದನ್ನು ಇಂಟರ್ನೆಟ್ಟಿಗೆ ಹಾಕಿದ ವಾರದಲ್ಲೇ ಯಾವುದೋ ದೇಶದವನು ಸಿಟ್ಟಾಗಿ ಬರೆದ. ಮೊದಲು ಚೆನ್ನಾಗಿತ್ತು, ಈಗ ಪ್ರತಿ ಸಾಲಿಗೂ ಕೇಳಿ ತಲೆ ತಿನ್ನುತ್ತದೆ ಎಂದು. ಆಚಾರ್ರು ನನಗೆ ಅದನ್ನು ಕನ್ನಡದಲ್ಲಿ ಹೇಳಿ ನಕ್ಕರು.

"ಅವನ ತಲಿ ತಿನ್ನಲಿ. ನಮ್ಮ ಹಾಡು ತಿಂದಿದ್ದಕ್ಕಿಂತ ಅದು ಚಲೋ."

ಕಣ್ಣು ಪೂರ್ತಿ ಮಂಜಾದ ಮೇಲೆ ಅಂಗಡಿ ಮುಚ್ಚಿದರು. ಆಮೇಲೆ ನಾನು ವರ್ಷಕ್ಕೊಮ್ಮೆ ನಾರಾಯಣಪೇಟೆಗೆ ಹೋಗಿ ಬರುತ್ತಿದ್ದೆ. ಅವರ ಮನೆ ನೇಕಾರರ ಓಣಿಯ ಹಿಂದೆ. ಮಗ್ಗದ ಸದ್ದು ಕೇಳುತ್ತಾ ಇಬ್ಬರೂ ಸುಮ್ಮನೆ ಕೂಡುತ್ತಿದ್ದೆವು. ಪ್ರತಿ ಸಲ ಹೋಗುವಾಗಲೂ ಇಂದು ಹೇಳಬೇಕು ಎಂದು ಹೋಗುತ್ತಿದ್ದೆ. ಆಚಾರ್ರೆ, ನಾನು ಅದನ್ನು ಮೊದಲ ದಿನವೇ ನೋಡಿದ್ದೆ, ಕೇಳಲಿಲ್ಲ. ಇಷ್ಟೇ ಮಾತು. ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಾ ಹೋಗಿ, ಅದನ್ನೇ ಅಂದುಕೊಳ್ಳುತ್ತಾ ತಿರುಗಿ ಬರುತ್ತಿದ್ದೆ. ಹೋದ ಮಳೆಗಾಲ ಸುದ್ದಿ ಬಂತು. ಹೋಗುವಷ್ಟರಲ್ಲಿ ಒಯ್ದಿದ್ದರು.

ಕಂಪ್ಯೂಟರನ್ನು ಅವರ ಮಗಳು ನನಗೆ ಕಳಿಸಿಕೊಟ್ಟಳು. ಅಪ್ಪ ಹಾಗೆ ಹೇಳಿದ್ದ ಎಂದಳು. ಬಹಳ ದಿನ ನಾನಾಗಿ ಅದನ್ನು ತೆರೆಯಲಿಲ್ಲ. ನೀವು ನಕ್ಕು ಹೋದ ಮೇಲೆ ತೆರೆದೆ. ಹದಿಮೂರು ವರ್ಷ ಜರಡಿಯನ್ನು ಆಡಿಸಿದ್ದೆನೇ ಹೊರತು ಅದರ ಗಂಟು ಬಿಚ್ಚಿ ಒಳಗೆ ನೋಡಿರಲಿಲ್ಲ. ಅವರು ಬರೆದ ಲಿಪಿ ಇಂಗ್ಲಿಷು, ನನಗೆ ತಿಳಿಯುವುದಿಲ್ಲ. ಆದರೆ ಮೇಲಿನ ಎರಡು ಸಾಲು ಕನ್ನಡದಲ್ಲಿದ್ದವು. ಪಕ್ಕದಲ್ಲಿದ್ದ ತಾರೀಖು ಪುಸ್ತಕ ಅಚ್ಚಾದ ಆ ಚಳಿಗಾಲದ್ದೇ.

'ಇದು ಎರಡನೆಯ ಸಲ ಬಂದ ಸಾಲನ್ನು ತೆಗೆಯುತ್ತದೆ.

ಕೇಳದೆ ತೆಗೆಯುವುದಿಲ್ಲ. ಟೈಪು ಮಾಡುವವರು ನೋಡಿಯೂ ಕೇಳಲು ಸಂಕೋಚಪಡಬಹುದು. ಆದ್ದರಿಂದ ಜರಡಿಯೇ ಅವರನ್ನು ಕೇಳಬೇಕು.'

ಅಷ್ಟು ವರ್ಷ ಬಸ್ಸಿನಲ್ಲಿ ನಾನು ಹೊತ್ತು ತಿರುಗಿದ ಮಾತು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕುರ್ಚಿಯನ್ನು ಕಟ್ಟೆಗೆ ಒಯ್ದಿದ್ದರು.

ಇದನ್ನೂ ಆ ಎಡಿಟರಿನಲ್ಲೇ ಬರೆದೆ. ಮುಗಿಯಿತು ಅಂದುಕೊಂಡು ಅವರ ವಿಷಯಕ್ಕೆ ಕೊನೆಯದಾಗಿ ಒಂದು ಸಾಲು ಬರೆದು, ಹಳೆಯ ರೂಢಿಯಂತೆ ಜರಡಿ ಆಡಿಸಿದೆ. ಪರದೆಯ ಕೆಳಗೆ ಅವರ ಮಾತು ಮೂಡಿತು.

'ಈ ಸಾಲು ಮ್ಯಾಲ ಒಮ್ಮೆ ಬಂದೈತಿ. ತಗೀಲೇನು?'

ಗೋಡೆಯ ಕಡೆ ಮುಖ ಮಾಡಿ, ಕೇಳಿಸುವಂತೆಯೇ, ಬ್ಯಾಡರಿ ಅಂದೆ. ಆಮೇಲೆ ಬೇಡ ಎಂಬ ಗುಂಡಿ ಒತ್ತಿದೆ.

ಅವರು ನನ್ನನ್ನು ಒಮ್ಮೆಯೂ ಬೈಯಲಿಲ್ಲ.